ದ್ಯಾವಪ್ಪಗೌಡರ ಗದ್ದೆಯಲ್ಲಿ ಗಾಳಿ ಹಿಡಿದದ್ದು

ಹೋದ ವಾರ ನನ್ನ ಮೊಮ್ಮಗಳು ಸಿಂಧು ಕೆಲಸಕ್ಕೆ ಸೇರಿದಳು. ಎಲ್ಲಿಗೆ ಅಂತೀರಾ, ನಾನು ಜಿಗಣೆ ಕಚ್ಚಿಸಿಕೊಂಡು ದುಡಿದ ಅದೇ ಮಣ್ಣು ಸಂಶೋಧನಾ ಕೇಂದ್ರಕ್ಕೆ, ನಾನು ಮಾಡುತ್ತಿದ್ದ ಅದೇ ಫೀಲ್ಡ್ ಕೆಲಸಕ್ಕೆ. ಸುದ್ದಿ ಕೇಳಿದಾಗ ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಉಕ್ಕಲಿ ಬಿಡು ಅಂತ ನೋಡುತ್ತಾ ನಿಂತೆ. ಬೀದಿಯ ಎಲ್ಲ ಮನೆಗೂ ಹೋಳಿಗೆ ಹಂಚಿದೆ. ಸಕ್ಕರೆ ಕಾಯಿಲೆ, ಬೇಡ ಅಂದವರ ಮನೆಯಲ್ಲೂ ಇಟ್ಟು ಬಂದೆ. ಈಗಲೂ ಕೂತಲ್ಲಿ ನಿಂತಲ್ಲಿ ನಗು ಬರುತ್ತದೆ.

ಅವಳ ಜೊತೆ ಇನ್ನೂ ಕೆಲವು ಹುಡುಗ ಹುಡುಗಿಯರು ಸೇರಿದ್ದಾರಂತೆ. "ಅಜ್ಜಿ, ಕೆಲ್ಸ ನಿಜವಾಗ್ಲೂ ಹೆಂಗಿರ್ತದೆ ಅಂತ ಬರ್ದ್ಕೊಡು, ಎಲ್ರೂ ಓದ್ತೀವಿ" ಅಂದಳು. ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೂ ಬರೆಯುತ್ತೇನೆ. ದಿನಗೂಲಿಯಿಂದ ಪರ್ಮನೆಂಟ್ ಯಾವಾಗ ಆಯಿತು, ಯಾರು ಹಾರ ಹಾಕಿದರು, ಅದೆಲ್ಲ ನಿಮಗೆ ಯಾಕೆ. ಕೆಲಸದ ಮಾತು ಕೇಳಿ.

ನಮ್ಮ ಕೆಲಸ ಗಾಳಿ ಹಿಡಿಯುವುದು. ಊರಿನವರು ಹಾಗೇ ಕರೆಯುತ್ತಿದ್ದರು, "ಗಾಳಿ ಹಿಡಿಯೋರು ಬಂದ್ರು" ಅಂತ. ತೊಂಬತ್ತರ ದಶಕದ ಕೊನೆಯಲ್ಲಿ ಶೈಲಜಾ ಮೇಡಂ ಅಂತ ವಿಜ್ಞಾನಿ ಬಂದರು. ಸಣ್ಣ ವಯಸ್ಸು, ದೊಡ್ಡ ನಡಿಗೆ. ಮೊದಲ ದಿನವೇ ನಮ್ಮನ್ನು ಗದ್ದೆಯ ಬದುವಿನ ಮೇಲೆ ಕೂರಿಸಿಕೊಂಡು ಹೇಳಿದರು. "ನೀರು ನಿಂತ ಗದ್ದೆ ಕೆಸರಿಂದ ಒಂದು ಗಾಳಿ ಏಳ್ತದೆ, ಮೀಥೇನ್ ಅಂತ. ಗೊಬ್ಬರ ಬಿದ್ದ ಮಣ್ಣು ಒಣಗಿ ಮತ್ತೆ ನೆಂದ್ರೆ ಇನ್ನೊಂದು, ನೈಟ್ರಸ್ ಆಕ್ಸೈಡ್. ಎರಡೂ ಮೇಲೆ ಹೋಗಿ ಭೂಮಿಗೆ ಕಂಬಳಿ ಹೊದಿಸ್ದಂಗೆ ಸೆಕೆ ಹಿಡ್ಕೊಂಡ್ ಕೂರ್ತವೆ. ಈಗ ಮಳೆ ಮೊದ್ಲಿನಂಗೆ ಬರ್ತಿಲ್ಲ. ಬಿಟ್ಟು ಬಿಟ್ಟು ಬಂದು ಒಂದೇ ಸಲ ಹುಯ್ಯುತ್ತೆ. ಹಂಗಾದಾಗ ಮಣ್ಣು ಏನ್ ಮಾಡ್ತದೆ ಅಂತ ನೋಡ್ಬೇಕು."

ನೋಡುವುದು ಹೀಗೆ. ಮಣ್ಣಿಗೆ ಒಂದು ತಗಡಿನ ಚೌಕಟ್ಟು ಹೊಡೆಯುತ್ತೇವೆ. ಅದರ ಅಂಚಿನಲ್ಲಿ ಸುತ್ತಲೂ ಸಣ್ಣ ಕಾಲುವೆ, ಅದಕ್ಕೆ ನೀರು ತುಂಬಿ ಮೇಲೆ ಪೆಟ್ಟಿಗೆ ಕವುಚಿದರೆ ಗಾಳಿ ಹೊರಗೆ ನುಸುಳುವುದಿಲ್ಲ. ಮುಚ್ಚಿದ ತಕ್ಷಣ ಒಂದು ಸಲ ಸಿರಿಂಜಿನಲ್ಲಿ ಗಾಳಿ ಎಳೆದು ರಬ್ಬರ್ ಮುಚ್ಚಳದ ಗಾಜಿನ ಬುಡ್ಡಿಗೆ ಚುಚ್ಚಿ ತುಂಬುತ್ತೇವೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಇನ್ನಷ್ಟು ಹೊತ್ತು ಬಿಟ್ಟು ಮತ್ತೆ. ಆಮೇಲೆ ಮೊದಲ ಬುಡ್ಡಿಯಿಂದ ಕೊನೆಯ ಬುಡ್ಡಿಗೆ ಆ ಗಾಳಿ ಎಷ್ಟು ಏರಿದೆ ಅಂತ ಯಂತ್ರ ಹೇಳುತ್ತದೆ. ಕೇಳುವುದಕ್ಕೆ ಸುಲಭ. ಮಾಡುವಾಗ ಕಾಲು ಎಲ್ಲಿಡುತ್ತೀರಿ ಅನ್ನುವುದೇ ಕಷ್ಟ. ಪೆಟ್ಟಿಗೆ ಪಕ್ಕ ಕೆಸರು ತುಳಿದರೆ ಗುಳ್ಳೆ ಏಳುತ್ತವೆ, ಅದೂ ಒಳಗೆ ಸೇರಿ ಲೆಕ್ಕ ಹಾಳು. ಅದಕ್ಕೇ ಹಲಗೆ ಹಾಕಿ ಅದರ ಮೇಲೆ ಕೊಕ್ಕರೆ ಹಾಗೆ ನಿಲ್ಲಬೇಕು.

ನನ್ನ ಜೊತೆ ರಂಗಸ್ವಾಮಿ ಅಂತ ಇದ್ದ. ಜೀಪು ಓಡಿಸುತ್ತಿದ್ದ, ಬುಡ್ಡಿ ಜೋಡಿಸುತ್ತಿದ್ದ, ಎಲ್ಲಕ್ಕಿಂತ ಹೆಚ್ಚಾಗಿ ಮಾತಾಡುತ್ತಿದ್ದ. ಒಂದು ಸಲ ಪೆಟ್ಟಿಗೆ ಮುಚ್ಚಿ ಆದ ಮೇಲೆ ಒಳಗಿನಿಂದ ವಟರ್ ಅಂತ ಸದ್ದು. ಕಪ್ಪೆ ಸೇರಿಕೊಂಡಿತ್ತು. "ಬುಡಮ್ಮ ಜಯಮ್ಮ, ಅದೂ ನಮ್ಮಂಗೆ ದಿನಗೂಲಿಗೆ ಬಂದೈತೆ" ಅಂದ. ನಾನು ಪೆಟ್ಟಿಗೆ ಎತ್ತಿ, ಕಪ್ಪೆ ಓಡಿಸಿ, ಬುಡ್ಡಿಗಳನ್ನೆಲ್ಲ ಖಾಲಿ ಮಾಡಿ ಮೊದಲಿಂದ ಶುರು ಮಾಡಿದೆ. ಕಪ್ಪೆಯೂ ಉಸಿರಾಡುತ್ತದೆ ತಾನೆ. ನಿಮಗೂ ಹಾಗಾದರೆ ಬೇಸರ ಮಾಡಿಕೊಳ್ಳಬೇಡಿ, ಮೊದಲಿಂದ ಮಾಡಿ.

ಹೆತ್ತೂರು ಕಡೆ ಒಂದು ಕಾಫಿ ಎಸ್ಟೇಟಿನಲ್ಲೂ ಪೆಟ್ಟಿಗೆ ಇಟ್ಟಿದ್ದೆವು. ಅಲ್ಲಿ ಬೇಸಿಗೆಯಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ದಿನವೇ ಹೋಗಬೇಕು, ಯಾಕೆಂದರೆ ಒಣಗಿದ ಮಣ್ಣು ಮೊದಲ ಮಳೆಗೇ ಹೆಚ್ಚು ಗಾಳಿ ಬಿಡುವುದು. ಅಲ್ಲಿನ ರೈಟರ್, ಅಂದರೆ ಎಸ್ಟೇಟಿನ ಲೆಕ್ಕ ಬರೆಯುವವನು, ನಮ್ಮನ್ನು ಕಂಡರೆ ಮುಖ ಗಂಟು ಹಾಕುತ್ತಿದ್ದ. ತಾನು ಗಿಡಕ್ಕೆ ಗೊಬ್ಬರ ಸರಿಯಾಗಿ ಹಾಕಿಸಿದ್ದಾನಾ ಇಲ್ಲವಾ ಅಂತ ಮಾಲೀಕರಿಗೆ ಚಾಡಿ ಹೇಳಲು ಬಂದವರು ನಾವು ಅಂದುಕೊಂಡಿದ್ದ. ಒಂದು ದಿನ ಮೇಡಂ ಅವನನ್ನೇ ಕರೆದು, "ಬನ್ನಿ ರೈಟರೇ, ನೀವೇ ಸಿರಿಂಜ್ ಎಳೀರಿ" ಅಂದರು. ಎಳೆದ. ಬುಡ್ಡಿಗೂ ತಾನೇ ಚುಚ್ಚಿದ. ಆಮೇಲಿಂದ ಹೂಮಳೆ ಬಿದ್ದ ತಕ್ಷಣ ಅವನೇ ಫೋನ್ ಮಾಡಿಸುತ್ತಿದ್ದ. ಮಗ್ಗೆ ಕಡೆ ಆಲೂಗಡ್ಡೆ ಹೊಲದಲ್ಲಿ ಇನ್ನೊಂದು ತೊಂದರೆ. ಜೀಪು ಕೆಟ್ಟ ದಿನ ಬುಡ್ಡಿಗಳನ್ನು ಬಸ್ಸಿನಲ್ಲಿ ತರಬೇಕು. "ಏನಮ್ಮ ಇದ್ರೊಳಗೆ?" ಅಂತ ಕಂಡಕ್ಟರ್. "ಗಾಳಿ." "ಖಾಲಿ ಬುಡ್ಡಿಗೆ ಇಷ್ಟ್ ಜೋಪಾನನಾ, ಲಗೇಜ್ ಹಾಕ್ಲಾ ಬೇಡ್ವಾ?" ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ, ಆದರೆ ಡಬ್ಬ ತೊಡೆ ಮೇಲಿಂದ ಇಳಿಸಲಿಲ್ಲ. ಈಗ ನಿಮಗೆ ಕೇಂದ್ರದಲ್ಲೇ ಯಂತ್ರ ಇದೆ, ತಾನೇ ಮುಚ್ಚಿಕೊಳ್ಳುವ ಪೆಟ್ಟಿಗೆಯೂ ಬಂದಿದೆಯಂತೆ. ನನಗೆ ಹೊಟ್ಟೆಕಿಚ್ಚಿಲ್ಲ. ಪೆಟ್ಟಿಗೆ ತಾನೇ ಮುಚ್ಚಿಕೊಳ್ಳಲಿ, ಗದ್ದೆ ಯಜಮಾನನ ಬಾಯಿ ಮಾತ್ರ ನೀವೇ ತೆಗೆಸಬೇಕು. ಅದಕ್ಕೆ ಯಂತ್ರ ಬಂದಿಲ್ಲ. ಅದು ನನಗೆ ಗೊತ್ತಾದದ್ದು ದ್ಯಾವಪ್ಪಗೌಡರ ಗದ್ದೆಯಲ್ಲಿ.

ಹಾನುಬಾಳಿನಿಂದ ಸ್ವಲ್ಪ ಒಳಗೆ, ಎರಡು ಗುಡ್ಡದ ನಡುವೆ ಒಂದು ಹಳ್ಳ. ಹಳ್ಳದ ಈಚೆ ದ್ಯಾವಪ್ಪಗೌಡರ ಗದ್ದೆ, ಆಚೆ ಅವರ ದಾಯಾದಿಯ ಗದ್ದೆ. ಎರಡೂ ಕಡೆ ನಮ್ಮ ಪೆಟ್ಟಿಗೆ. ಆ ಗದ್ದೆಗಳಿಗೆ ಪಂಪಿಲ್ಲ, ಕೆರೆಯಿಲ್ಲ, ಆಕಾಶ ಕೊಟ್ಟಷ್ಟೇ ನೀರು. ಅದಕ್ಕೇ ಮೇಡಂಗೆ ಆ ಜಾಗ ಅಂದರೆ ಪ್ರಾಣ. ನನಗೂ ಅಷ್ಟೇ. ನಾನು ಆಗ ದಿನಗೂಲಿ. ಮನೆಯಿಂದ ನಡೆದುಹೋಗುವಷ್ಟು ಹತ್ತಿರ ಇದ್ದ ಒಂದೇ ಕೆಲಸ ಅದು. ಅಲ್ಲಿನ ಒಂದೊಂದು ಚೌಕಟ್ಟನ್ನೂ ನನ್ನ ಕೈಯಲ್ಲೇ ಹೊಡೆದಿದ್ದೆ.

ಆ ವರ್ಷ ನಾಟಿ ಮುಗಿಯುವ ತನಕ ಮಳೆ ಚೆನ್ನಾಗಿತ್ತು. ಆಮೇಲೆ ನಿಂತೇಬಿಟ್ಟಿತು. ಮಳೆಗಾಲದ ನಡುವೆ ಗದ್ದೆ ಬಿರುಕು ಬಿಟ್ಟಿದ್ದನ್ನು ನಾನು ಅದೇ ಮೊದಲು ಕಂಡಿದ್ದು. ಎಷ್ಟೋ ದಿನ ಕಾಯಿಸಿ ಒಂದು ಬೆಳಗ್ಗೆ ಸುರಿಯಿತು ನೋಡಿ, ಹಳ್ಳ ಬದುವಿನ ಮಟ್ಟಕ್ಕೆ ಬಂತು. ನಾವು ಹೋಗಿ ಗಾಳಿ ಹಿಡಿದೆವು. ಬುಡ್ಡಿಯ ಲೆಕ್ಕ ಬಂದಾಗ ಮೇಡಂ ಕುರ್ಚಿಯಿಂದ ಎದ್ದು ನಿಂತರು. ದ್ಯಾವಪ್ಪಗೌಡರ ಗದ್ದೆ ಎಲ್ಲೂ ಕಾಣದಷ್ಟು ಗಾಳಿ ಬಿಟ್ಟಿತ್ತು.

ಆದರೆ ಕೇಂದ್ರದ ದೊಡ್ಡ ಸಾಹೇಬರು ಒಪ್ಪಲಿಲ್ಲ. ಅವರು ಕೂಗಾಡುವವರಲ್ಲ, ಮೆತ್ತಗೆ ಮಾತಾಡಿ ಆಳವಾಗಿ ಇರಿಯುವವರು. "ಒಂದೇ ಮಳೆ, ಒಂದೇ ಹಳ್ಳ. ಆಚೆ ಗದ್ದೆ ಇಷ್ಟೇ ಇಷ್ಟು ಏರಿದೆ, ಈಚೆದು ಹುಚ್ಚು ಹಿಡ್ದಂಗೆ ಕುಣೀತಿದೆ. ಮಣ್ಣಲ್ಲ ಕುಣಿದಿದ್ದು, ಕೈ ಕುಣಿದಿರ್ಬೇಕು" ಅಂದು ನನ್ನ ಕೈ ನೋಡಿದರು. ಬುಡ್ಡಿ ಅದಲು ಬದಲು ಮಾಡಿದ್ದೀನಿ ಅಂತ. ನನಗೆ ಅಳು ಬರಲಿಲ್ಲ, ಹಟ ಬಂತು. "ಮೇಡಂ, ನಾಳೆ ಅಲ್ಲೇ ಹೋಗಾನ. ನಿಮ್ ಕಣ್ಮುಂದೆ ಎಲ್ಲಾ ಮಾಡಿ ತೋರುಸ್ತೀನಿ. ತಪ್ಪಿದ್ರೆ ನಾನೇ ಕೆಲ್ಸ ಬುಡ್ತೀನಿ" ಅಂದೆ.

ಮಾರನೇ ದಿನ ಮೇಡಂ ಹಲಗೆಯ ಮೇಲೆ ನನ್ನ ಬೆನ್ನಿಗೇ ನಿಂತು ನೋಡಿದರು. ನೀರು ತುಂಬಿದ್ದು, ಮುಚ್ಚಿದ್ದು, ಎಳೆದದ್ದು, ಚುಚ್ಚಿದ್ದು. ತಪ್ಪು ಸಿಗಲಿಲ್ಲ. "ನಿಮ್ಮ ಕೈ ಸರಿಯಾಗೇ ಇದೆ ಜಯಮ್ಮ, ಹಂಗಾದ್ರೆ ಏನಿದು" ಅಂತ ತಲೆ ಹಿಡಿದುಕೊಂಡರು. ಅಷ್ಟರಲ್ಲಿ ಗೌಡರ ಹೆಂಡತಿ ಗಂಗಮ್ಮ ಬದುವಿನ ಮೇಲಿಂದ ಕರೆದರು, "ಬನ್ರವ್ವ, ಕಡುಬು ಬಿಸಿ ಐತೆ." ನಮ್ಮ ಕಡೆ ಗದ್ದೆಗೆ ಬಂದವರನ್ನು ಹಸಿದು ಕಳಿಸುವುದಿಲ್ಲ. ಹೋಗಿ ಜಗಲಿಯ ಮೇಲೆ ಕೂತೆವು.

ಗಂಗಮ್ಮ ಬಡಿಸುತ್ತಾ ಹೇಳಿದರು, "ಈ ವರ್ಸ ನಮ್ದು ಎಷ್ಟ್ ಬಂತವ್ವ? ಆಚೆಯೋರ್ಗಿಂತ ಮೇಲೆ ಬಂತಾ?"

"ಬಂತು ಗಂಗಮ್ಮ, ತುಂಬಾ ಮೇಲೆ" ಅಂದರು ಮೇಡಂ.

"ಬರ್ದೆ ಏನು. ನಮ್ಮೋರು ನಿಮ್ ಚೌಕಟ್ಟಿಗೆ ಏನೂ ಕಮ್ಮಿ ಮಾಡಿಲ್ಲ. ಮಳೆ ನಿಂತಾಗಿಂದ ಸಂಜೆ ಸಂಜೆ ಕೊಟ್ಟಿಗೆಯಿಂದ ಸಗಣಿ ನೀರು ಹೊತ್ಕಂಡ್ ಹೋಗಿ ಹುಯ್ದವ್ರೆ. ಯೂರಿಯಾ ಬೇರೆ ಒಂದೊಂದ್ ಬೊಗಸೆ. ಬಾಣಂತಿ ನೋಡ್ಕಂಡಂಗೆ ನೋಡ್ಕಂಡವ್ರೆ ಕಣವ್ವ."

ಮೇಡಂ ಬಾಯಲ್ಲಿ ಇಟ್ಟ ಕಡುಬು ಅಲ್ಲೇ ನಿಂತಿತು. ದ್ಯಾವಪ್ಪಗೌಡರು ಕಂಬಕ್ಕೆ ಒರಗಿ ಮೀಸೆ ಅಡಿಯಲ್ಲಿ ನಗುತ್ತಿದ್ದರು. ಹಿಂದಿನ ವರ್ಷ ನಮ್ಮ ರಂಗಸ್ವಾಮಿ ಮಾತಿಗೆ ಮಾತು ಸೇರಿಸಿ, "ಗೌಡ್ರೇ, ಆಚೆ ಗದ್ದೇದು ನಿಮ್ಮದಕ್ಕಿಂತ ಜಾಸ್ತಿ ಬಂದೈತೆ" ಅಂದಿದ್ದನಂತೆ. ಅವರು ಅದನ್ನು ಪರೀಕ್ಷೆಯ ಮಾರ್ಕ್ಸ್ ಅಂದುಕೊಂಡಿದ್ದರು. ದಾಯಾದಿಯ ಮಣ್ಣಿಗೆ ಜಾಸ್ತಿ ಮಾರ್ಕ್ಸು, ತನ್ನ ಮಣ್ಣಿಗೆ ಕಮ್ಮಿ ಅಂದರೆ ಯಾರು ಸುಮ್ಮನಿರುತ್ತಾರೆ ಹೇಳಿ. ಗದ್ದೆಗೆಲ್ಲ ಹಾಕುವಷ್ಟು ಗೊಬ್ಬರ ಎಲ್ಲಿಂದ ತರುವುದು ಅಂತ ಪೆಟ್ಟಿಗೆ ಕೂರುವ ಜಾಗಕ್ಕೆ ಮಾತ್ರ ಹಾಕಿದ್ದರು.

ನನಗೆ ನಗು ತಡೆಯಲಾಗಲಿಲ್ಲ. ಮೇಡಂ ಮಾತ್ರ ನಿಧಾನವಾಗಿ ಬಿಡಿಸಿ ಹೇಳಿದರು. ಜಾಸ್ತಿ ಬಂದರೆ ಒಳ್ಳೇದಲ್ಲ ಗೌಡ್ರೇ, ನೀವು ಹಾಕಿದ ಗೊಬ್ಬರದಲ್ಲಿ ಒಂದಿಷ್ಟು ಪೈರಿಗೆ ಸಿಗದೆ ಗಾಳಿಯಾಗಿ ಮೇಲೆ ಹೋಗುತ್ತಿದೆ ಅಂತ ಅರ್ಥ, ಅಂದರು.

ಗೌಡರ ನಗು ಹೋಯಿತು. "ಅಂದ್ರೆ ಇಷ್ಟು ದಿವ್ಸ ನೀವು ಅಳೀತಿದ್ದಿದ್ದು ನನ್ ಗದ್ದೆ ಹಾಳಾಗೋದನ್ನ?"

"ಹಾಗಲ್ಲ ಗೌಡ್ರೇ..."

"ಮತ್ತೆ ಹೆಂಗೆ? ನನ್ ಗದ್ದೇಲಿ ಬಂದು ಪೆಟ್ಟಿಗೆ ಮಡ್ಗಿ, ನನ್ ಮಣ್ಣಿನ ಮಾತು ನಂಗೇ ಹೇಳ್ದೆ ಬುಡ್ಡೀಲಿ ತುಂಬ್ಕಂಡ್ ಹೋಗ್ತೀರಾ. ಈ ವಯಸ್ನಾಗೆ ಸಗಣಿ ಹೊತ್ತು ನಗಾಡ್ಸ್ಕಂಡೆ. ಆಚೆಯೋನಿಗೆ ಗೊತ್ತಾದ್ರೆ ಊರೆಲ್ಲ ಡಂಗೂರ. ಸಾಕು ಕಣಮ್ಮ. ಕಿತ್ಕಂಡ್ ಹೋಗಿ."

ಎದ್ದು ಒಳಗೆ ಹೋಗಿಬಿಟ್ಟರು. ನನ್ನ ನಗು ಕಂಡೇ ಅವರಿಗೆ ಹೆಚ್ಚು ಸಿಟ್ಟು ಬಂದಿರಬೇಕು.

ಕೇಂದ್ರದಲ್ಲಿ ದೊಡ್ಡ ಸಾಹೇಬರು ನಡೆದದ್ದನ್ನೆಲ್ಲ ಕೇಳಿ ಆ ವರ್ಷದ ಗೌಡರ ಗದ್ದೆಯ ಲೆಕ್ಕ ಪೂರ್ತಿ ಹೊಡೆದು ಹಾಕಿದರು. "ರೈತರ ಗದ್ದೇಲಿ ಹಿಂಗೇ ಆಗೋದು. ಕೇಂದ್ರದ ಬೇಲಿಯೊಳಗೇ ಮಾಡ್ಕೊಳ್ಳಿ, ಹಾನುಬಾಳು ಕಡೆ ಕೈಬಿಡಿ" ಅಂದರು. ಬೇಲಿಯೊಳಗಿನ ಗದ್ದೆಗೆ ಪಂಪಿನ ನೀರು. ಅಲ್ಲಿ ಮಳೆ ಕೈಕೊಟ್ಟದ್ದು ಮಣ್ಣಿಗೆ ಗೊತ್ತೇ ಆಗುವುದಿಲ್ಲ. ಮೇಡಂ ಅದನ್ನೇ ಹೇಳಿ ವಾದ ಮಾಡಿದರು. ಕೊನೆಗೆ ಸಾಹೇಬರು, "ಗೌಡರು ಒಪ್ಪಿದ್ರೆ ಇನ್ನೊಂದು ಮಳೆಗಾಲ ನೋಡಿ. ಒಪ್ಪದಿದ್ರೆ ಮಾತು ಮುಗೀತು" ಅಂದರು. ಮುಗಿದರೆ ಮೇಡಂ ಕೆಲಸ ಅರ್ಧಕ್ಕೆ ನಿಲ್ಲುತ್ತಿತ್ತು, ನನ್ನದು ಪೂರ್ತಿ.

ನಾನು ಬಿಡುವುದಿಲ್ಲ ಅಂದುಕೊಂಡೆ. ಮೊದಲ ಸಲ ಹೋದಾಗ ಗೌಡರು ಮನೆಯಲ್ಲೇ ಇದ್ದು ಇಲ್ಲ ಅನ್ನಿಸಿದರು. ಎರಡನೇ ಸಲ ನಾಯಿ ಬಿಟ್ಟರು, ನಾಯಿಗೆ ನನ್ನ ಗುರುತಿತ್ತು, ಬಾಲ ಅಲ್ಲಾಡಿಸಿತು. ಬೇಸಿಗೆ ಪೂರ್ತಿ ಸಂತೆಗೆ ಹೋಗುವಾಗ, ಬರುವಾಗ ಅವರ ಮನೆ ಮುಂದೆ ನಿಂತು, "ಗೌಡ್ರೇ, ಚೆನ್ನಾಗಿದೀರಾ" ಅಂತ ಕೇಳಿದ್ದೇ ಕೇಳಿದ್ದು. ಮಳೆ ಹಿಡಿದು ಅವರ ಗದ್ದೆಯಲ್ಲಿ ನಾಟಿ ಶುರುವಾದ ದಿನ ಸೀರೆ ಎತ್ತಿಕಟ್ಟಿ ಹೆಂಗಸರ ಸಾಲಿನಲ್ಲಿ ಇಳಿದುಬಿಟ್ಟೆ. ಗೌಡರು ಸಸಿ ಕಟ್ಟು ಎಸೆಯುತ್ತಾ ಬಂದು ನನ್ನ ಹತ್ತಿರ ನಿಂತರು.

"ನಿನ್ನ ಯಾರ್ ಕರೆದ್ರು?"

"ಯಾರೂ ಕರೀಲಿಲ್ಲ. ಕೂಲಿ ಬ್ಯಾಡ."

"ಪೆಟ್ಟಿಗೆ ಮಾತಿಗೆ ಬಂದಿದ್ರೆ ಬಂದ ದಾರಿ ಐತೆ."

"ಪೆಟ್ಟಿಗೆ ಮಾತಿಗೇ ಬಂದಿರೋದು. ಇಲ್ದಿದ್ರೆ ನನ್ ಸೊಂಟ ಏನ್ ಬಿಟ್ಟಿ ಬಿದ್ದೈತಾ?"

ಸಾಲಿನ ಹೆಂಗಸರು ಕಿಸಕ್ಕನೆ ನಕ್ಕರು. ಗೌಡರು ನಗಲಿಲ್ಲ, ಹೋಗಲೂ ಇಲ್ಲ. ನಾನು ಸಸಿ ಊರುತ್ತಲೇ ಹೇಳಿದೆ. "ಗೌಡ್ರೇ, ಅವತ್ತು ನಾನು ನಗಬಾರ್ದಿತ್ತು. ಆದ್ರೆ ಒಂದು ಕೇಳಿ. ಮಳೆ ಹಿಂಗೇ ಆಟ ಆಡ್ತಾ ಹೋದ್ರೆ ನಿಮ್ ಗೊಬ್ರ ಎಷ್ಟು ಗಾಳಿ ಪಾಲಾಯ್ತದೆ ಅಂತ ಹೇಳೋಕೆ ಈ ಸೀಮೇಲಿ ಬೇರೆ ಗದ್ದೆ ಇಲ್ಲ. ನಾವ್ ಹೋದ್ರೆ ನಿಮ್ಗೂ ಗೊತ್ತಾಗಲ್ಲ, ನಂಗೂ ಗೊತ್ತಾಗಲ್ಲ."

ಅವರು ಕೈಯಲ್ಲಿದ್ದ ಸಸಿ ಕಟ್ಟು ಕೆಳಗಿಟ್ಟರು. "ಒಂದ್ ಮಾತು ಐತೆ. ಬುಡ್ಡಿ ಲೆಕ್ಕ ಬಂದ ತಕ್ಷಣ ಮೊದ್ಲು ಇಲ್ಲಿಗೆ ಬಂದು, ಈ ಬದುವಿನ್ ಮೇಲೆ ನಿಂತು ನಂಗೇ ಹೇಳ್ಬೇಕು. ನಂಗೆ ತಿಳಿಯಂಗೆ. ಆ ನಿಮ್ ಸಾಹೇಬ್ರೇ ಬರ್ಬೇಕು. ಆಯ್ತದಾ?"

ಸಾಹೇಬರ ಪರವಾಗಿ ನಾನು ಆಯ್ತದೆ ಅಂದುಬಿಟ್ಟೆ. ಮೇಡಂಗೆ ಹೇಳಿದಾಗ ಅವರು, "ಸರಿಯಾಗೇ ಕೇಳಿದಾರೆ. ಮೊದಲ ವರ್ಷವೇ ನಾವು ಮಾಡ್ಬೇಕಿತ್ತು" ಅಂದರು. ಅವರೇ ಹೋಗಿ ಸಾಹೇಬರಿಂದ ಹೂಂ ಅನ್ನಿಸಿದರು.

ಹೊಸ ಜಾಗದಲ್ಲಿ ಹೊಸ ಚೌಕಟ್ಟು ಹೊಡೆದೆವು. ಅರ್ಧಕ್ಕೆ ಗದ್ದೆಗೆ ಹಾಕುವ ಹದದಲ್ಲೇ ಗೊಬ್ಬರ, ಅರ್ಧಕ್ಕೆ ಏನೂ ಇಲ್ಲ. ಹಳ್ಳದ ಆಚೆಯೂ ಹಾಗೇ. ದಾಯಾದಿ ಒಂದು ಸಂಜೆ ಬಂದು ಚೌಕಟ್ಟಿನ ಹತ್ತಿರ ಬಗ್ಗಿ ನೋಡಿದ್ದಕ್ಕೆ ದ್ಯಾವಪ್ಪಗೌಡರು, "ಏಯ್, ಉಸಿರ್ ಬುಡ್ಬೇಡ ಕಣೋ ಅಲ್ಲಿ" ಅಂತ ಗದರಿದರಂತೆ.

ಆ ವರ್ಷವೂ ಮಳೆ ನಡುವೆ ನಿಂತಿತು. ಗದ್ದೆ ಮತ್ತೆ ಬಿರುಕು ಬಿಟ್ಟಿತು. ನಾನು ದಿನಾ ಬೆಳಗ್ಗೆ ಗುಡ್ಡದ ತಲೆ ನೋಡುತ್ತಿದ್ದೆ. ಮಳೆ ಬಂದದ್ದು ರಂಗಸ್ವಾಮಿ ಸಕಲೇಶಪುರಕ್ಕೆ ಮೇಡಂ ಕರೆತರಲು ಹೋಗಿದ್ದ ದಿನ. ರಸ್ತೆಗೆ ಮರ ಬಿದ್ದು ಜೀಪು ಅಲ್ಲೇ ಸಿಕ್ಕಿಕೊಂಡಿತು. ಮೊದಲ ಮಳೆಯ ಗಾಳಿ ಅವತ್ತು ತಪ್ಪಿದರೆ ವರ್ಷವೇ ತಪ್ಪಿದ ಹಾಗೆ. ಬುಡ್ಡಿ, ಸಿರಿಂಜಿನ ಡಬ್ಬ ನನ್ನ ಮನೆಯಲ್ಲೇ ಇತ್ತು. ಸೆರಗಿನಲ್ಲಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಕಟ್ಟಿ, ಹೊರಟೆ. ದಾರಿಯಲ್ಲಿ ಕಾಲು ಜಾರಿ ಎರಡು ಸಲ ಕೂತೆ, ಡಬ್ಬ ಮಾತ್ರ ಎತ್ತಿ ಹಿಡಿದಿದ್ದೆ.

ಗೌಡರು ಬದುವಿನ ಮೇಲೆ ಗೊರಬು ಹೊದ್ದು ನಿಂತಿದ್ದರು. ಗೊರಬು ಅಂದರೆ ಬೆನ್ನಿಗೆ ಹೊದೆಯುವ ಎಲೆಯ ಮಳೆಗೂಡು, ನೀವು ನೋಡಿರಲಿಕ್ಕಿಲ್ಲ. "ಒಬ್ಳೇ ಬಂದ್ಯಾ? ಬತ್ತೀಯ ಅಂತ ಗೊತ್ತಿತ್ತು" ಅಂದರು. ಹಲಗೆಯ ಮೇಲೆ ನನ್ನ ಪಕ್ಕ ಕೂತು ತಮ್ಮ ಗೊರಬನ್ನು ನನ್ನ ಕೈಗೂ ಬುಡ್ಡಿಗೂ ಮೇಲೆ ಹಿಡಿದರು. ತಾವು ನೆಂದು ತೊಪ್ಪೆಯಾದರು. ನಾನು ಸಿರಿಂಜ್ ಎಳೆಯುವಾಗೆಲ್ಲ ಅವರು ಉಸಿರು ಬಿಗಿಹಿಡಿಯುತ್ತಿದ್ದರು, ಬಿಡಿ ಗೌಡ್ರೇ ಅಂದರೂ ಬಿಡಲಿಲ್ಲ. ಈಚೆ ಮುಗಿದ ಮೇಲೆ ಹಳ್ಳ ದಾಟಬೇಕು. ದಾಟಲು ಹಾಕಿದ್ದ ಮರದ ಸಂಕ ಮುಳುಗಿತ್ತು. ಗೌಡರು ಮಾತು ಬಿಟ್ಟಿದ್ದ ದಾಯಾದಿಯನ್ನು ಈಚೆಯಿಂದ ಹೆಸರು ಹಿಡಿದು ಕೂಗಿದರು. ಆತ ಹಗ್ಗ ತಂದು ಆಚೆ ಮರಕ್ಕೆ ಕಟ್ಟಿದ. ಹಗ್ಗ ಹಿಡಿದು ದಾಟಿ ಆಚೆ ಗದ್ದೆಯ ಗಾಳಿಯನ್ನೂ ಹಿಡಿದೆ. ಆ ಮನೆಯಲ್ಲೂ ಕಾಫಿ ಕೊಟ್ಟರು, ಕುಡಿದೆ.

ಲೆಕ್ಕ ಬರಲು ಸುಮಾರು ದಿನ ಹಿಡಿಯಿತು. ಬಂದ ದಿನ ದೊಡ್ಡ ಸಾಹೇಬರು ಮಾತಿನಂತೆ ಜೀಪಿನಲ್ಲಿ ಬಂದರು. ಪ್ಯಾಂಟು ಮಡಿಸಿ ಬದುವಿನ ಮೇಲೆ ನಿಂತು ಗೌಡರಿಗೆ ಹೇಳಿದರು, ಮೇಡಂ ಪಕ್ಕದಲ್ಲಿ ನಿಂತು ಅದನ್ನು ಇನ್ನಷ್ಟು ಬಿಡಿಸಿ ಹೇಳಿದರು. ಹೋದ ವರ್ಷದಷ್ಟು ಕುಣಿದಿರಲಿಲ್ಲ, ಆದರೆ ಗಾಳಿ ಏರಿದ್ದು ನಿಜ. ಈ ಸಲ ಎರಡೂ ಗದ್ದೆಯಲ್ಲಿ ಒಂದೇ ಥರ ಏರಿತ್ತು. ಗೊಬ್ಬರ ಇಲ್ಲದ ಚೌಕಟ್ಟಿನಲ್ಲಿ ಸ್ವಲ್ಪ, ಗೊಬ್ಬರ ಬಿದ್ದದ್ದರಲ್ಲಿ ಬಹಳ. ಕುಣಿದದ್ದು ಕೈಯಲ್ಲ ಅಂತ ಸಾಹೇಬರು ಬಾಯಿ ಬಿಟ್ಟು ಹೇಳಲಿಲ್ಲ. ನನ್ನ ಕಡೆ ನೋಡಿ ತಲೆ ಬಗ್ಗಿಸಿದರು, ಸಾಕು ನನಗೆ.

ಗೌಡರು ಎಲ್ಲ ಕೇಳಿ, "ಹಂಗಾದ್ರೆ ಒಣಗಿರೋ ಗದ್ದೆಗೆ ಯೂರಿಯಾ ಎರಚಿ ಮಳೆ ಕಾಯ್ತಾ ಕೂರೋದು ದಡ್ಡತನ" ಅಂದರು.

"ಒಂದು ವರ್ಷದ ಲೆಕ್ಕ ಇದು ಗೌಡ್ರೇ, ಹಂಗೆ ಖಡಾಖಂಡಿತ ಹೇಳೋಕಾಗಲ್ಲ" ಅಂದರು ಸಾಹೇಬರು.

"ಅಂದ್ರೆ ಈಗ ಪೆಟ್ಟಿಗೆ ಕಿತ್ಕಂಡ್ ಹೋಯ್ತೀರಾ?"

ಸಾಹೇಬರು ಮೇಡಂ ಕಡೆ ತಿರುಗಿದರು.

"ಖಡಾಖಂಡಿತ ಹೇಳೋಕಾಗಲ್ಲ ಅಂತ ನೀವೇ ಅಂತೀರಾ. ಅರ್ಧ ಮಾತು ಹೇಳಿ ಎದ್ದೋದ್ರೆ ನಾನ್ ಯಾವ್ದುನ್ ನಂಬ್ಲಿ? ಪೂರ್ತಿ ಹೇಳೋ ಗಂಟ ನಿಮ್ ಪೆಟ್ಟಿಗೆ ಈ ಗದ್ದೆ ಬುಟ್ಟು ಅಲ್ಲಾಡ್ಬಾರ್ದು" ಅಂದರು ದ್ಯಾವಪ್ಪಗೌಡರು. ಹಳ್ಳದ ಆಚೆಯಿಂದ ದಾಯಾದಿ, "ನಂದೂ ಅದೇ ಮಾತು ಕಣ್ರೀ" ಅಂತ ಕೂಗಿದ.

ಸಾಹೇಬರು ಆಚೆ ನೋಡಿದರು, ಈಚೆ ನೋಡಿದರು. ಆಮೇಲೆ ಮೇಡಂಗೆ, "ಮುಂದಿನ ಮಳೆಗಾಲಕ್ಕೆ ಬುಡ್ಡಿ ಸಾಲುತ್ವಾ ನೋಡ್ಕೊಳ್ಳಿ" ಅಂದು ಪ್ಯಾಂಟು ಇಳಿಸಿಕೊಂಡು ಜೀಪಿನ ಕಡೆ ನಡೆದರು. ನಾನು ಗದ್ದೆಗೆ ಇಳಿದು, ಅವತ್ತು ಅಳೆಯಲು ಬಾಕಿ ಇದ್ದ ಚೌಕಟ್ಟಿನ ಅಂಚಿಗೆ ನೀರು ತುಂಬತೊಡಗಿದೆ.